ಉಸಿರಾಡಬಲ್ಲ ನಾಯಿ

"ಪಗ್ ನಾಯಿ ಮನಿಶ್ಯಾರಂಗ ಗೊರಕಿ ಹೊಡೀತೈತಿ, ಅದ ಅದರ ಚಂದ." ಉಗಾರ ಖುರ್ದದಲ್ಲಿ ಮನೆಗೊಂದು ಸಣ್ಣ ನಾಯಿ ತರಲು ಹೊರಟ ಕುಟುಂಬವೊಂದರ ಮಾತುಕತೆಯಲ್ಲಿ ಕೇಳಿಬಂದ ಮಾತಿದು. ಪಾಮೇರಿಯನ್ನೋ ಪಗ್ಗೋ ಎಂಬುದು ಅವರ ಚರ್ಚೆ. ಮಾತಾಡಿದವರಿಗೆ ನಾಯಿಯ ಮೇಲೆ ನಿಜವಾದ ಅಕ್ಕರೆಯಿತ್ತು. ಆದರೂ ಅವರು ಚಂದವೆಂದು ಮೆಚ್ಚಿಕೊಂಡದ್ದು ಒಂದು ಜೀವ ಉಸಿರಿಗಾಗಿ ಪಡುವ ಪಾಡನ್ನು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಎರಡರಲ್ಲೇ ಒಂದನ್ನು ಆರಿಸಬೇಕಿದ್ದರೆ ಪಾಮೇರಿಯನ್ ತನ್ನಿ, ಪಗ್ ಮರಿಯನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ನಮ್ಮ ಮನೆಗೆ ಯಾವ ನಾಯಿ ಹೊಂದುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು, ಆ ನಾಯಿಗೆ ಅದರ ದೇಹ ಹೊಂದುತ್ತದೆಯೇ ಎಂದು ಕೇಳಬೇಕು.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು ಬೆವರುತ್ತದೆ, ಅಷ್ಟೆ. ಮೈ ತಂಪಾಗಬೇಕಾದರೆ ಅದು ನಾಲಿಗೆ ಚಾಚಿ ಏದುಸಿರು ಬಿಡಲೇಬೇಕು. ಮೂಗು, ಬಾಯಿಗಳ ಒದ್ದೆ ಪೊರೆಯ ಮೇಲೆ ಗಾಳಿ ಹಾಯ್ದು ನೀರು ಆವಿಯಾದಾಗ ಒಳಗಿನ ರಕ್ತ ತಂಪಾಗುತ್ತದೆ. ಪಗ್‌ನ ತಲೆಬುರುಡೆಯನ್ನು ಮನುಷ್ಯ ತಲೆಮಾರಿನಿಂದ ತಲೆಮಾರಿಗೆ ಮೊಟಕು ಮಾಡುತ್ತ ಬಂದ. ಒಳಗಿನ ಮಾಂಸ, ಅಂಗುಳಿನ ಹಿಂಬದಿಯ ಮೆತ್ತನೆಯ ಭಾಗ ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಅದು ಗಂಟಲಿಗೆ ಅಡ್ಡ ಬರುತ್ತದೆ. ಮೂಗಿನ ಹೊಳ್ಳೆಗಳೂ ಕಿರಿದಾಗಿರುತ್ತವೆ. ಗೊರಕೆ ಹುಟ್ಟುವುದು ಇಲ್ಲಿ. ಕೆಲವು ಪಗ್‌ಗಳು ಉಸಿರು ಕಟ್ಟದಿರಲೆಂದು ತಲೆ ಎತ್ತರದಲ್ಲಿಟ್ಟುಕೊಂಡು ಮಲಗುತ್ತವೆ. ಕೃಷ್ಣಾ ದಂಡೆಯ ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸತೇನಲ್ಲ. ಮಳೆಗಾಲ ಹತ್ತಿರವಾದಂತೆ ಗಾಳಿಯಲ್ಲಿ ತೇವ ಹೆಚ್ಚುತ್ತದೆ. ತೇವ ಹೆಚ್ಚಿದಷ್ಟೂ ಏದುಸಿರಿನಿಂದ ಸಿಗುವ ತಂಪು ಕಡಿಮೆ. ಇಂಥ ಹವೆಯಲ್ಲಿ ಪಗ್ ಬದುಕುವುದೆಂದರೆ, ಮೂಗು ಬಾಯಿಗೆ ಅರಿವೆ ಬಿಗಿದುಕೊಂಡು ಕಬ್ಬು ಕಡಿಯಲು ನಿಂತಂತೆ. ಕಬ್ಬು ಕಡಿಯುವವನು ಬೇಕೆಂದಾಗ ಅರಿವೆ ಬಿಚ್ಚಬಲ್ಲ, ನಾಯಿ ಬಿಚ್ಚಲಾರದು.

ಇದು ಭಾವುಕತೆಯ ಮಾತೆಂದು ಯಾರಾದರೂ ಅಂದಾರು. ಆದರೆ ಲೆಕ್ಕವೂ ಇದನ್ನೇ ಹೇಳುತ್ತದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು ಬ್ರಿಟನ್ನಿನ ಪಶುವೈದ್ಯರ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಉಸಿರಾಟದ ಈ ತೊಡಕು ಬರುವ ಸಂಭವ ಬೇರೆ ನಾಯಿಗಳಿಗಿಂತ ಪಗ್‌ಗೆ ಸುಮಾರು 54 ಪಟ್ಟು ಹೆಚ್ಚು. ಆರೋಗ್ಯದ ದೃಷ್ಟಿಯಿಂದ ಪಗ್ಗನ್ನು ಇನ್ನು ಸಾಮಾನ್ಯ ನಾಯಿಯೆಂದು ಎಣಿಸಲಾಗದು ಎಂದು ಅವರು ಹೇಳಿದರು. ಉಬ್ಬಿದ ಕಣ್ಣಿಗೆ ಹುಣ್ಣು, ಮುಖದ ಮಡಿಕೆಗಳಲ್ಲಿ ಸೋಂಕು ಇವೆಲ್ಲ ಇದರ ಜೊತೆಗಿನವು. ಪಗ್ ಮೊದಲಿನಿಂದ ಹೀಗಿರಲಿಲ್ಲ ಎಂಬುದೇ ನನಗೆ ಹೆಚ್ಚು ಸಂಕಟದ ಸಂಗತಿ. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ 1745ರಲ್ಲಿ ತನ್ನನ್ನೂ ತನ್ನ ಪಗ್ಗನ್ನೂ ಒಂದೇ ಪಟದಲ್ಲಿ ಬಿಡಿಸಿದ. ಆ ನಾಯಿಗೆ ಮೂತಿ ಇದೆ, ಕಾಲು ಉದ್ದವಿದೆ. ಇಂದಿನ ಚಪ್ಪಟೆ ಮುಖ ಕೊಳ್ಳುವವರ ಅಭಿರುಚಿಗೆ ತಕ್ಕಂತೆ ಆಮೇಲೆ ತಿದ್ದಿದ್ದು.

ನಮ್ಮಲ್ಲಿ ಆ ಅಭಿರುಚಿಯನ್ನು ಬಿತ್ತಿದ್ದು ಟಿವಿ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಬೆನ್ನು ಬಿಡದೆ ಒಂದು ಪಗ್ ನಡೆದಾಡಿತು. ಚಿತ್ರ ಮುದ್ದಾಗಿತ್ತು. ಅದುವರೆಗೆ ಹೆಸರೇ ಕೇಳದಿದ್ದ ಊರುಗಳಲ್ಲೂ ಪಗ್ ಬೇಕೆನ್ನುವವರು ಹುಟ್ಟಿಕೊಂಡರು. ಹುಡುಗನ ಹಿಂದೆ ನಡೆದ ನಾಯಿ ಮನೆ ಸೇರಿದ ಮೇಲೆ ಎಷ್ಟು ಹೊತ್ತು ಏದುಸಿರು ಬಿಟ್ಟಿತೆಂದು ಯಾವ ಜಾಹೀರಾತೂ ತೋರಿಸುವುದಿಲ್ಲ.

ಇಷ್ಟಾದರೂ ಪಗ್ ಪರವಾಗಿ ಹೇಳುವವರ ಮಾತಿಗೆ ತೂಕವಿದೆ. ಅದು ಸೌಮ್ಯ ಸ್ವಭಾವದ್ದು. ಮಗು ಕಿವಿ ಎಳೆದರೂ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ಹೆಚ್ಚು ಬೊಗಳುವುದಿಲ್ಲ, ಅಜ್ಜ ಅಜ್ಜಿಯರ ಕಾಲ ಬಳಿ ಬಿದ್ದುಕೊಂಡಿರುತ್ತದೆ. ಸಕ್ಕರೆ ಕಾರ್ಖಾನೆಯ ಊರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ನಿದ್ದೆ ಮಾಡಬೇಕು. ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ನಾಯಿಯ ಮೌನಕ್ಕೆ ಬೆಲೆಯುಂಟು. ಪಾಮೇರಿಯನ್ ಹಾಗಲ್ಲ. ನಮ್ಮಲ್ಲಿ ಆ ಹೆಸರಿನಿಂದ ಕರೆಯುವ ಬಿಳಿ ನಾಯಿ ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಜರ್ಮನ್ ಸ್ಪಿಟ್ಜ್‌ನಿಂದ ಇಲ್ಲಿ ಬೆಳೆದು ಬಂದ ತಳಿ. ಹಾಲಿನವನು ಬಂದರೂ ಬೊಗಳುತ್ತದೆ, ಗೇಟು ಸದ್ದಾದರೂ ಬೊಗಳುತ್ತದೆ, ಸಣ್ಣ ಮಕ್ಕಳು ಕಾಡಿಸಿದರೆ ಹಲ್ಲು ತೋರಿಸುತ್ತದೆ. ದಟ್ಟ ಕೂದಲು ಮನೆತುಂಬ ಉದುರುತ್ತದೆ.

ಈ ದೂರುಗಳೆಲ್ಲ ನಿಜ. ಆದರೆ ಇವುಗಳಲ್ಲಿ ನಮ್ಮ ಕೈಮೀರಿದ್ದು ಯಾವುದು? ಬೊಗಳುವುದನ್ನು ಮರಿಯಿದ್ದಾಗಿನಿಂದ ತಿದ್ದಬಹುದು. ಉಣ್ಣುವ, ಮಲಗುವ ನಾಯಿಯನ್ನು ಕೆಣಕಬಾರದೆಂದು ಮಗುವಿಗೆ ಕಲಿಸಬಹುದು, ಕಲಿಸಲೇಬೇಕು. ಕೂದಲನ್ನು ದಿನಾ ಬಾಚಿದರೆ ಒಳಪದರ ಕಳಚಿ ಬೇಸಿಗೆ ತಡೆಯಲು ಅನುಕೂಲ. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ ತಾಗುತ್ತದೆ. ತಣ್ಣನೆಯ ನೆಲ, ನೆರಳು, ನೀರು, ನಸುಕಿನಲ್ಲೇ ಅಡ್ಡಾಟ ಇಷ್ಟು ಅದಕ್ಕೆ ಬೇಕು. ಅದಕ್ಕೂ ಸೆಕೆಯಾಗುತ್ತದೆ, ಸೆಕೆಯನ್ನು ಹೊರಹಾಕಲು ಬೇಕಾದ ಮೂಗು ಅದಕ್ಕಿದೆ. ಪಗ್‌ನ ಉಸಿರಿಗೆ ಅಂಥ ತಾಲೀಮು ಯಾವುದೂ ಇಲ್ಲ. ಶಸ್ತ್ರಚಿಕಿತ್ಸೆಯಿಂದ ಹೊಳ್ಳೆ ಅಗಲಿಸಬಹುದು, ಅಂಗುಳನ್ನು ಕತ್ತರಿಸಬಹುದು. ಆದರೆ ಹುಟ್ಟುವ ಮೊದಲೇ ಚಾಕುವಿನ ಅಗತ್ಯ ಗೊತ್ತಿದ್ದೂ ಒಂದು ಜೀವವನ್ನು ಹುಟ್ಟಿಸುವುದು ಯಾವ ಪ್ರೀತಿ?

ತಳಿಯ ನಾಯಿಯೇ ಏಕೆ, ಬೀದಿಯ ಮರಿಯೊಂದನ್ನು ಸಾಕಬಾರದೇಕೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದರ ಹಿಂದೆ ನಮ್ಮ ಇಡೀ ಪರಂಪರೆ ನಿಂತಿದೆ. ಇಲ್ಲೇ ಸಮೀಪದ ಮಂಗಸೂಳಿಯ ಖಂಡೋಬ ನಾಯಿಯ ಜೊತೆಯಲ್ಲದೆ ಇರುವ ದೇವರಲ್ಲ. ಈ ಭಾಗದ ಜನ ನಡೆದುಕೊಳ್ಳುವ ನರಸೋಬವಾಡಿಯ ದತ್ತನ ಪಟದಲ್ಲಿ ನಾಲ್ಕು ನಾಯಿಗಳು. ಆತಕೂರಿನ ವೀರಗಲ್ಲನ್ನು ನೆನೆಯಿರಿ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೇಕಾದ್ದನ್ನು ಕೇಳೆಂದು ಗಂಗರ ಬೂತುಗ ಹೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದಿನ ಕನ್ನಡಿಗರು ನಾಯಿಯ ಹೆಸರನ್ನೂ ಅದರ ಕೆಚ್ಚನ್ನೂ ಕಲ್ಲಿನಲ್ಲಿ ಉಳಿಸಿದರು. ಅದರ ಮುಖ ಎಷ್ಟು ಮುದ್ದೆಂದು ಅವರು ಅಳೆಯಲಿಲ್ಲ.

ಆದ್ದರಿಂದ ಅಂಗಳವಿದ್ದವರು, ನಡುಗಾತ್ರದ ನಾಯಿಯನ್ನು ಹಿಡಿದು ನಡೆಸುವ ಶಕ್ತಿಯಿದ್ದವರು ಬೀದಿಯ ಮರಿಯನ್ನೇ ತರಲಿ. ಇಲ್ಲಿಯ ಬಿಸಿಲಿಗೆ ಅದರಷ್ಟು ಒಗ್ಗಿದ ದೇಹ ಇನ್ನೊಂದಿಲ್ಲ. ಎರಡು ಕೋಣೆಯ ಮನೆ, ಮಂಡಿನೋವಿನ ಹಿರಿಯರು ಇದ್ದಲ್ಲಿ ಮಾತ್ರ ಸಣ್ಣ ತಳಿಯ ಬಯಕೆಗೆ ಅರ್ಥವಿದೆ. ದುಬಾರಿ ನಾಯಿ ಮನೆಯ ಘನತೆ ಹೆಚ್ಚಿಸುತ್ತದೆ ಎನ್ನುವವರೊಂದಿಗೆ ನನಗೆ ವಾದವೇ ಇಲ್ಲ.

ಈಗಾಗಲೇ ಮನೆಯಲ್ಲಿರುವ ಪಗ್‌ಗಳ ಮಾತು ಬೇರೆ. ಅವುಗಳ ತೂಕ ಏರದಂತೆ ನೋಡಿಕೊಳ್ಳಿ, ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕಿ, ಬೇಸಿಗೆಯ ಹಗಲಲ್ಲಿ ಹೊರಗೆ ಕರೆದೊಯ್ಯಬೇಡಿ. ಯಾರೋ ಕೈಬಿಟ್ಟ ಪಗ್ಗನ್ನು ಮನೆಗೆ ತಂದುಕೊಂಡರೆ ಅದು ಪುಣ್ಯದ ಕೆಲಸ. ಕೊಳ್ಳುವುದು ಬೇರೆಯದೇ ವ್ಯವಹಾರ: ಒಂದು ಮರಿಗೆ ಕೊಟ್ಟ ಹಣ ಮುಂದಿನ ಸೂಲಿಗೆ ಕೊಟ್ಟ ಮುಂಗಡ. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ತಳಿ ಬೆಳೆಸುವವರು ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಕೊಳ್ಳಲು ಮೀರಜಿಗಾದರೂ ಹೋಗಿ, ಸಾಂಗ್ಲಿಗಾದರೂ ಹೋಗಿ, ನೋಂದಣಿ ತೋರಿಸಿ ಎನ್ನಿ, ತಾಯಿ ನಾಯಿಯನ್ನು ಕಣ್ಣಾರೆ ನೋಡಬೇಕು ಎನ್ನಿ. ತೋರಿಸಲು ಹಿಂಜರಿದರೆ ಬರಿಗೈಯಲ್ಲಿ ಮರಳಿ ಬನ್ನಿ.

ಮೂತಿಯ ಉದ್ದ ಒಂದು ಮಿತಿಗಿಂತ ಕಡಿಮೆಯಿರುವ ನಾಯಿಯಿಂದ ಮರಿ ಹಾಕಿಸಬಾರದೆಂದು ನೆದರ್ಲೆಂಡ್ಸ್ 2019ರಲ್ಲಿ ಕಟ್ಟುಪಾಡು ಮಾಡಿತು. ಯುರೋಪಿನ ಕೆಲವರು ಪಗ್ಗನ್ನು ಬೇರೆ ತಳಿಗಳೊಂದಿಗೆ ಕೂಡಿಸಿ ಅದರ ಮೂಗನ್ನು ಹಿಂದಕ್ಕೆ ತರುತ್ತಿದ್ದಾರೆ. ಮೂಗು ಮೊಟಕಾದದ್ದು ಕೊಳ್ಳುವವರ ಮೆಚ್ಚುಗೆಯಿಂದ; ಅದು ಮತ್ತೆ ಬೆಳೆಯಬೇಕಾದದ್ದೂ ಕೊಳ್ಳುವವರ ನಿರಾಕರಣೆಯಿಂದಲೇ. ಹಾಗೆ ನಿರಾಕರಿಸಲು ಉಗಾರದ ಒಂದು ಮನೆಗೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.