ಆಸ್ತಿಯುಳ್ಳವನಿಗೆ ಜಾಮೀನು, ಆಸ್ತಿಯಿಲ್ಲದವನಿಗೆ ಜೈಲು

ಅಪರಾಧ ರುಜುವಾತಾಗುವವರೆಗೆ ಯಾವ ಮನುಷ್ಯನೂ ಅಪರಾಧಿಯಲ್ಲ ಎಂಬುದು ನಮ್ಮ ನ್ಯಾಯದ ಮೊದಲ ಪಾಠ. ಶಾಲೆಯ ಮಕ್ಕಳಿಗೂ ಇದನ್ನು ಹೇಳಿಕೊಡುತ್ತಾರೆ. ಮಂತ್ರಿಗಳ ಭಾಷಣಗಳಲ್ಲಿಯೂ ಇದು ಮೇಲಿಂದ ಮೇಲೆ ಕೇಳಿಬರುತ್ತದೆ. ಆದರೆ ಜೈಲುಗಳ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಸರ್ಕಾರವೇ ಪ್ರಕಟಿಸಿದ ಅಂಕಿಗಳ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಇವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಎಂದರೆ ಜೈಲಿನಲ್ಲಿರುವ ಪ್ರತಿ ನಾಲ್ವರಲ್ಲಿ ಮೂವರ ಮೇಲೆ ಯಾವ ನ್ಯಾಯಾಲಯವೂ ಇನ್ನೂ ಅಪರಾಧವನ್ನು ಹೊರಿಸಿ ತೀರ್ಪು ಕೊಟ್ಟಿರಲಿಲ್ಲ. ಆ ಜೈಲುಗಳಲ್ಲಿ ಜಾಗವಿದ್ದುದಾದರೂ ಎಷ್ಟು? 4,36,266 ಜನರಿಗೆ. ವಿಚಾರಣಾಧೀನರಿಂದಲೇ ಜೈಲು ತುಂಬಿಹೋಗಿತ್ತು. ಶಿಕ್ಷೆಯಾದ ಕೈದಿಗಳಿಗೆ ಜಾಗವೇ ಉಳಿದಿರಲಿಲ್ಲ ಎಂದರೆ ತಪ್ಪಾಗಲಾರದು.

ಇವರು ಯಾರು? ಇವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳವರು. ಹೆಚ್ಚಿನವರು ಹತ್ತನೆಯ ತರಗತಿಯನ್ನು ಮುಟ್ಟಿದವರಲ್ಲ. ಐದು ವರ್ಷಕ್ಕೂ ಮೇಲ್ಪಟ್ಟು ವಿಚಾರಣೆಯಲ್ಲೇ ಕೊಳೆಯುತ್ತಿದ್ದವರು ಹನ್ನೊಂದು ಸಾವಿರಕ್ಕೂ ಹೆಚ್ಚು. ಬ್ಯಾಂಕು ಮುಳುಗಿಸಿದವರೂ ಭೂಮಿ ನುಂಗಿದವರೂ ಜೈಲಿಗೆ ಹೋಗುವುದೇ ಇಲ್ಲವೆಂದು ನಾವು ಹೇಳುವುದಿಲ್ಲ. ಅವರು ಹೋದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ಬಂದರೆ ಹಾರ ತುರಾಯಿಯ ಮೆರವಣಿಗೆಯಾಗುತ್ತದೆ. ಬಡವ ಒಳಗೆ ಹೋದುದು ಅವನ ಬೀದಿಯ ಆಚೆಗೆ ಯಾರಿಗೂ ತಿಳಿಯುವುದಿಲ್ಲ.

ಇದು ನಡೆಯುವ ಬಗೆಯನ್ನು ನಮ್ಮ ಓದುಗರು ಬಲ್ಲರು. ಆದರೂ ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಗಿರಣಿಯ ಬಾಗಿಲಲ್ಲಿ ಒಂದು ಜಗಳ, ಸಂತೆಯಲ್ಲಿ ಒಂದು ಕೈ ಕೈ ಮಿಲಾಯಿಸುವಿಕೆ, ಕಳವಿನ ಸಂಶಯ, ಇಷ್ಟು ಸಾಕು. ಪೊಲೀಸರು ದಸ್ತಗಿರಿ ಮಾಡುತ್ತಾರೆ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಕೆಲವು ದಿನಗಳ ಮೇಲೆ ಜಾಮೀನು ಮಂಜೂರಾಗುತ್ತದೆ. ಮನೆಯವರು ಬದುಕಿದೆವು ಎಂದುಕೊಳ್ಳುತ್ತಾರೆ. ನಿಜವಾದ ಕಷ್ಟ ಆಗ ಶುರುವಾಗುತ್ತದೆ. ಇಷ್ಟು ಸಾವಿರ ರೂಪಾಯಿಗೆ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬರೋ ಇಬ್ಬರೋ ಜಾಮೀನುದಾರರು. ಜಾಮೀನುದಾರರ ಹೆಸರಿನಲ್ಲಿ ಪಹಣಿ ಇರಬೇಕು, ಇಲ್ಲವೇ ಮನೆಯ ಖಾತೆ ಇರಬೇಕು. ಅದೂ ಈ ಊರಿನದೇ, ಈ ಜಿಲ್ಲೆಯದೇ ಆಗಿರಬೇಕು. ಬಾಡಿಗೆಯ ಕೋಣೆಯಲ್ಲಿರುವ ಗಿರಣಿ ಕೆಲಸಗಾರನಿಗೆ ಪಹಣಿಯುಳ್ಳ ಬಂಧು ಎಲ್ಲಿಂದ ಬರಬೇಕು? ರಾಯಚೂರಿನಿಂದಲೋ ಕೊಪ್ಪಳದಿಂದಲೋ ಹೊಟ್ಟೆಪಾಡಿಗೆ ಬಂದವನಿಗೆ ಈ ಊರಿನಲ್ಲಿ ಹೊಣೆ ನಿಲ್ಲುವವರು ಯಾರು? ಬಿಹಾರದಿಂದಲೋ ಒಡಿಶಾದಿಂದಲೋ ಬಂದವನ ಪಾಡನ್ನಂತೂ ಹೇಳುವುದೇ ಬೇಡ. ಹೀಗಾಗಿ ನ್ಯಾಯಾಧೀಶರು ಬಿಡುಗಡೆಯ ಆಜ್ಞೆ ಕೊಟ್ಟ ಮೇಲೂ ಮನುಷ್ಯ ಒಳಗೇ ಉಳಿಯುತ್ತಾನೆ. ಅವನನ್ನು ಒಳಗಿಟ್ಟಿರುವುದು ಅಪರಾಧವಲ್ಲ, ಆಸ್ತಿಯಿಲ್ಲದಿರುವುದು.

ಇಂಥ ಕಡೆ ವ್ಯಾಪಾರ ಹುಟ್ಟದೆ ಇರುತ್ತದೆಯೇ? ಬಾಡಿಗೆಗೆ ಹೊಣೆ ನಿಲ್ಲುವವರು, ಒಂದೇ ಪಹಣಿಯನ್ನು ಹತ್ತು ಮೊಕದ್ದಮೆಗಳಿಗೆ ತೋರಿಸುವವರು, ಖೊಟ್ಟಿ ಕಾಗದ ತಯಾರಿಸುವವರು ಹುಟ್ಟಿಕೊಳ್ಳುತ್ತಾರೆ. ಇವರಿಗೆ ಕೊಡಲು ಹಣವಿಲ್ಲದವನು ಜೈಲಿನಲ್ಲಿ. ಹಣವಿದ್ದ ಪಳಗಿದ ಕಳ್ಳ ಬೀದಿಯಲ್ಲಿ. ಹೀಗಿರುವಾಗ ಜಾಮೀನುದಾರನ ನಿಯಮದಿಂದ ಸಮಾಜಕ್ಕೆ ದೊರೆತ ರಕ್ಷಣೆಯಾದರೂ ಏನು?

ಒಂದು ತಿಂಗಳ ಜೈಲುವಾಸವೆಂದರೆ ದುಡಿಯುವವನ ಪಾಲಿಗೆ ಒಂದು ತಿಂಗಳು ಮಾತ್ರವಲ್ಲ. ಹಾಜರಿ ತಪ್ಪಿತೆಂದು ಗಿರಣಿಯವರು ಅವನ ಜಾಗಕ್ಕೆ ಬೇರೊಬ್ಬನನ್ನು ಹಾಕಿಕೊಳ್ಳುತ್ತಾರೆ. ಬದಲಿ ಕೂಲಿಗಳಿಗಂತೂ ಕೇಳುವವರೇ ಇಲ್ಲ. ತಳ್ಳುಗಾಡಿಯವನು ಒಳಗೆ ಹೋದರೆ ಅವನು ನಿಲ್ಲುತ್ತಿದ್ದ ಜಾಗವನ್ನು ಮಾರನೆಯ ದಿನವೇ ಇನ್ನೊಬ್ಬ ಹಿಡಿಯುತ್ತಾನೆ. ಕಿರಾಣಿ ಅಂಗಡಿಯವನ ಉದ್ರಿ ವಸೂಲಾಗುವುದಿಲ್ಲ, ಕೈಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಮಕ್ಕಳ ಓದು ನಿಲ್ಲುತ್ತದೆ, ಹೆಂಡತಿಯ ತಾಳಿ ಗಿರವಿಗೆ ಹೋಗುತ್ತದೆ. ಎರಡು ವರ್ಷದ ಮೇಲೆ ನಿರ್ದೋಷಿಯೆಂದು ತೀರ್ಪಾದರೆ ಇವುಗಳಲ್ಲಿ ಯಾವುದನ್ನು ನ್ಯಾಯಾಲಯ ವಾಪಸು ಕೊಡುತ್ತದೆ? ಇದನ್ನು ಬಲ್ಲ ಎಷ್ಟೋ ಮಂದಿ ಸಣ್ಣ ಮೊಕದ್ದಮೆಗಳಲ್ಲಿ, ಮಾಡದ ತಪ್ಪನ್ನೂ ಒಪ್ಪಿಕೊಂಡು, ಒಳಗಿದ್ದ ದಿನಗಳನ್ನೇ ಶಿಕ್ಷೆಯೆಂದು ಎಣಿಸಿಕೊಂಡು ಹೊರಗೆ ಬರುತ್ತಾರೆ. ಮುಂದೆ ಊರಿನಲ್ಲಿ ಎಲ್ಲಿ ಕಳವಾದರೂ ಠಾಣೆಯಿಂದ ಮೊದಲು ಕರೆ ಬರುವುದು ಅವರಿಗೇ.

ಇದು ನಮ್ಮ ಪಕ್ಷದವರು ಕಟ್ಟಿದ ಮಾತಲ್ಲ. ದೇಶದ ಅತ್ಯುಚ್ಚ ನ್ಯಾಯಾಲಯವೇ ಇದನ್ನು ಗುರುತಿಸಿ ಬಹಳ ಕಾಲವಾಯಿತು. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದ ಬಡವನೊಬ್ಬನ ಅರ್ಜಿ ಸುಪ್ರೀಂ ಕೋರ್ಟಿಗೆ ಬಂತು. ಅವನನ್ನು ಜಾಮೀನಿನ ಮೇಲೆ ಬಿಡಬೇಕೆಂದು ಆ ನ್ಯಾಯಾಲಯವೇ ಹಿಂದೆ ಆಜ್ಞೆ ಮಾಡಿತ್ತು. ಆದರೆ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಒಡಹುಟ್ಟಿದವನೊಬ್ಬ ಹೊಣೆ ನಿಲ್ಲಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಳ್ಳಿಹಾಕಿದರು. ನ್ಯಾಯಮೂರ್ತಿ ವಿ. ಆರ್. ಕೃಷ್ಣಯ್ಯರ್ ಅವರು ಈ ಕ್ರಮವನ್ನು ಕಟುವಾಗಿ ಖಂಡಿಸಿದರು. ಅವನದೇ ಸ್ವಂತ ಮುಚ್ಚಳಿಕೆಯ ಮೇಲೆ, 1,000 ರೂಪಾಯಿಗೆ, ಬಿಡುಗಡೆ ಮಾಡಿಸಿದರು. ಭಾರತದ ಒಂದು ಜಿಲ್ಲೆಯವನು ಇನ್ನೊಂದು ಜಿಲ್ಲೆಯಲ್ಲಿ ಪರದೇಶಿಯಾಗಲಾರ ಎಂಬುದು ಆ ತೀರ್ಪಿನ ತಿರುಳು. ಮರು ವರ್ಷ, 1979ರಲ್ಲಿ, ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ ಬಿಹಾರದ ಜೈಲುಗಳ ಕಥೆ ಬಯಲಾಯಿತು. ಅಪರಾಧ ರುಜುವಾತಾಗಿ ಪೂರ್ತಿ ಶಿಕ್ಷೆಯಾಗಿದ್ದರೂ ಎಷ್ಟು ವರ್ಷ ಒಳಗಿರಬೇಕಾಗಿತ್ತೋ ಅದಕ್ಕಿಂತ ಹೆಚ್ಚು ವರ್ಷ ವಿಚಾರಣೆಯೇ ಇಲ್ಲದೆ ಕಳೆದವರು ಅಲ್ಲಿದ್ದರು. ತ್ವರಿತ ವಿಚಾರಣೆ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಸಾರಿದರು.

ಆಮೇಲೆ ಕಾನೂನೂ ಅಷ್ಟಿಷ್ಟು ತಿದ್ದುಪಡಿಯಾಯಿತು. ಜಾಮೀನು ಕೊಡಲೇಬೇಕಾದ ಅಪರಾಧಗಳಲ್ಲಿ, ದಸ್ತಗಿರಿಯಾದ ಒಂದು ವಾರದೊಳಗೆ ಜಾಮೀನುದಾರನನ್ನು ತರಲಾಗದವನನ್ನು ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು 2005ರ ತಿದ್ದುಪಡಿ ಹೇಳಿತು. ಜಾಮೀನು ಸಿಕ್ಕಿ ಏಳು ದಿನವಾದರೂ ಹೊರಗೆ ಬಾರದವನ ವಿಷಯವನ್ನು ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಒಂದು ತಿಂಗಳಲ್ಲಿ ಮುಚ್ಚಳಿಕೆ ಬರದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯ ತಾನಾಗಿಯೇ ಯೋಚಿಸಬಹುದೆಂದೂ, ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಠ ಬಿಡುಗಡೆಗೆ ಅಡ್ಡಿಯಾಗಿದೆಯೆಂದೂ ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆಯೊಂದನ್ನು ಸಾರಿತು. ವಿಚಾರಣಾಧೀನನೊಬ್ಬನ ಜಾಮೀನಿಗೆ 40,000 ರೂಪಾಯಿಯವರೆಗೆ ಕೊಡಬಹುದೆಂದು ಆಗ ಹೇಳಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆಪಾದನೆಗಳನ್ನು ಬಿಟ್ಟರೆ, ಗರಿಷ್ಠ ಶಿಕ್ಷೆಯ ಅರ್ಧ ಕಾಲವನ್ನು ಒಳಗೆ ಕಳೆದವನನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಶಿಕ್ಷೆಯಾಗಿಲ್ಲದವನಾದರೆ ಮೂರನೆಯ ಒಂದು ಭಾಗ ಸಾಕು. ಅರ್ಜಿ ಹಾಕಬೇಕಾದ ಹೊಣೆ ಜೈಲಿನ ಸೂಪರಿಂಟೆಂಡೆಂಟರದು.

ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಆದರೆ ಅದೇ 479ನೆಯ ಕಲಮಿನಲ್ಲಿ ಒಂದು ಹುಳುಕು ಅಡಗಿದೆ. ಒಂದಕ್ಕಿಂತ ಹೆಚ್ಚು ಅಪರಾಧಗಳ ಅಥವಾ ಮೊಕದ್ದಮೆಗಳ ತನಿಖೆ, ವಿಚಾರಣೆ ಬಾಕಿಯಿದ್ದರೆ ಈ ಅನುಕೂಲ ಸಿಗುವುದಿಲ್ಲ. ಮುಷ್ಕರದ ಅನುಭವವುಳ್ಳ ಕಾರ್ಮಿಕ ಬಂಧುಗಳಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಒಂದೇ ಮೆರವಣಿಗೆಗೆ ಅಕ್ರಮ ಕೂಟ, ದಾರಿ ತಡೆ, ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ನಾಲ್ಕು ಆಪಾದನೆಗಳನ್ನು ಪೋಣಿಸುವುದು ಯಾವ ಠಾಣೆಗೆ ಕಷ್ಟ? ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವ ಕಾನೂನು ಇದು.

ಜಾಮೀನಿನ ಪ್ರಶ್ನೆಗೆ ಮೂಲ ದಸ್ತಗಿರಿಯ ಅಧಿಕಾರ. ಈ ಅಧಿಕಾರ ಪೊಲೀಸು ಇಲಾಖೆಯಲ್ಲಿ ಲಂಚದ ಮುಖ್ಯ ಮೂಲಗಳಲ್ಲೊಂದು ಎಂದು ಹೇಳಿದವರು ವಿರೋಧ ಪಕ್ಷದವರಲ್ಲ, 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗದವರು. ದಸ್ತಗಿರಿಗಳಲ್ಲಿ ಶೇಕಡಾ 60ರಷ್ಟು ಅನಗತ್ಯ ಅಥವಾ ನ್ಯಾಯಸಮ್ಮತವಲ್ಲ, ಜೈಲುಗಳ ಖರ್ಚಿನಲ್ಲಿ ಶೇಕಡಾ 43.2 ಇಂಥವರ ಮೇಲೆಯೇ ಆಗುತ್ತಿದೆ ಎಂದು ಆ ಆಯೋಗ ತನ್ನ ಮೂರನೆಯ ವರದಿಯಲ್ಲಿ ಬರೆಯಿತು. 1994ರಲ್ಲಿ ಜೋಗಿಂದರ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹೇಳಿ, ದಸ್ತಗಿರಿ ಮಾಡುವ ಅಧಿಕಾರವಿದೆ ಎಂಬುದು ಬೇರೆ, ಮಾಡಲು ಕಾರಣವಿದೆ ಎಂಬುದು ಬೇರೆ ಎಂದಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣ ಬರೆಯದೆ ದಸ್ತಗಿರಿ ಕೂಡದು, ಅವಶ್ಯವಿಲ್ಲದಲ್ಲಿ ನೋಟೀಸು ಕೊಟ್ಟು ಕರೆಸಬೇಕು ಎಂದು 2014ರಲ್ಲಿ ಅರ್ನೇಶ್ ಕುಮಾರ್ ಮೊಕದ್ದಮೆಯಲ್ಲಿ ಕಟ್ಟಪ್ಪಣೆಯಾಯಿತು. ದೊಡ್ಡ ಮನುಷ್ಯರ ಬಂಗಲೆಗೆ ನೋಟೀಸು ತಪ್ಪದೆ ಹೋಗುತ್ತದೆ. ಗುಡಿಸಲಿಗೆ ಹೋಗುವುದು ಜೀಪು.

ನಮ್ಮ ವರ್ತಕ ಮಿತ್ರರಲ್ಲಿ ಕೆಲವರಿಗೆ ಈ ವಾದ ಹಿಡಿಸದಿರಬಹುದು. ಅಂಗಡಿಯ ಬೀಗ ಒಡೆದವನು ನಾಲ್ಕು ದಿನಕ್ಕೆ ಎದುರು ಬೀದಿಯಲ್ಲಿ ತಿರುಗಾಡಿದರೆ ನೊಂದವನ ಹೊಟ್ಟೆ ಉರಿಯದೆ ಇರುತ್ತದೆಯೇ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ನಾಲ್ಕು ದಿನಕ್ಕೆ ಹೊರಗೆ ಬಂದವನು ಯಾರು ಎಂದು ಯೋಚಿಸಬೇಕು. ಕಳವನ್ನೇ ಕಸುಬು ಮಾಡಿಕೊಂಡವನಿಗೆ ವಕೀಲರೂ ಗೊತ್ತು, ಬಾಡಿಗೆ ಜಾಮೀನುದಾರರೂ ಗೊತ್ತು. ಸಂಶಯದ ಮೇಲೆ ಸಿಕ್ಕಿಬಿದ್ದ ಹಮಾಲಿಗೆ ಯಾರೂ ಗೊತ್ತಿಲ್ಲ. ಸಾಕ್ಷಿಗಳನ್ನು ಹೆದರಿಸುವವನನ್ನು, ಮತ್ತೆ ಕೇಡು ಮಾಡುವವನನ್ನು, ತಲೆ ಮರೆಸಿಕೊಳ್ಳುವವನನ್ನು ಒಳಗಿಡಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಒಳಗಿಡುವ ಅಳತೆ ಮನುಷ್ಯನಿಂದಾಗುವ ಅಪಾಯವಾಗಲಿ, ಅವನ ಪಹಣಿಯಾಗದಿರಲಿ ಎಂಬುದಷ್ಟೇ ನಮ್ಮ ವಾದ. ಜೈಲು ಬಡವರಿಂದ ತುಂಬಿರುವುದರಿಂದ ಯಾವ ಅಂಗಡಿಯ ಬೀಗವೂ ಗಟ್ಟಿಯಾಗಿಲ್ಲ. ಕಳವಾದ ಮಾಲು ವಾಪಸು ಸಿಗಬೇಕಾದರೆ ಬೇಕಾದುದು ಸರಿಯಾದ ತನಿಖೆ ಮತ್ತು ಬೇಗನೆ ಮುಗಿಯುವ ವಿಚಾರಣೆ. ಅವೆರಡೂ ಇಲ್ಲದ ಕೊರತೆಯನ್ನು ಮುಚ್ಚಿಡಲು ದಸ್ತಗಿರಿಯ ಲೆಕ್ಕವನ್ನು ತೋರಿಸುತ್ತಾರೆ.

ಸಮಾಜವಾದಿಗಳಿಗೆ ಜೈಲು ಹೊಸದಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ರೈತರು ಜೈಲಿಗೆ ನಡೆದರು. ಅಲ್ಲಿಗೆ ಬಂದ ಡಾ. ರಾಮಮನೋಹರ ಲೋಹಿಯಾ ಅವರೂ ಬಂಧಿತರಾದರು. 1965ರಲ್ಲಿ ಬಿಹಾರ ಸರ್ಕಾರ ಭಾರತ ರಕ್ಷಣಾ ನಿಯಮಗಳ ಕೆಳಗೆ ಅವರನ್ನು ಹಿಡಿದಿಟ್ಟಾಗ, ಬರೇ ಕಾನೂನು ಮತ್ತು ಶಿಸ್ತಿನ ಹೆಸರು ಹೇಳಿ ಹಾಗೆ ಒಬ್ಬನ ಸ್ವಾತಂತ್ರ್ಯ ಕಸಿಯಲಾಗದು ಎಂದು ಸುಪ್ರೀಂ ಕೋರ್ಟು ಅವರ ಬಿಡುಗಡೆ ಮಾಡಿಸಿತು. ಆದರೆ ಸತ್ಯಾಗ್ರಹಿ ತಾನಾಗಿ ಜೈಲಿಗೆ ಹೋಗುತ್ತಾನೆ, ಅವನ ಹಿಂದೆ ಜನ ಇರುತ್ತಾರೆ. ಇಂದು ಒಳಗಿರುವ ಲಕ್ಷಾಂತರ ಮಂದಿ ತಾವಾಗಿ ಹೋದವರಲ್ಲ, ಅವರ ಹಿಂದೆ ಯಾರೂ ಇಲ್ಲ. ಅವರ ಪರವಾಗಿ ನಿಲ್ಲದ ಪಕ್ಷ ತನ್ನನ್ನು ಸಮಾಜವಾದಿ ಎಂದು ಕರೆದುಕೊಳ್ಳಲು ಯೋಗ್ಯವಲ್ಲ.

ಆದುದರಿಂದ ನಮ್ಮ ಒತ್ತಾಯಗಳು ಇವು:

1. ಏಳು ವರ್ಷದವರೆಗಿನ ಶಿಕ್ಷೆಯ ಆಪಾದನೆಗಳಲ್ಲಿ ನೋಟೀಸೇ ನಿಯಮವಾಗಬೇಕು. ಕಾರಣ ಬರೆಯದೆ ದಸ್ತಗಿರಿ ಮಾಡಿದ ಅಧಿಕಾರಿಯ ಮೇಲೆ ಶಿಸ್ತಿನ ಕ್ರಮ ಜರುಗಬೇಕು.

2. ಮನೆ ಮಠ, ಕೆಲಸ ಕಾರ್ಯ ಉಳ್ಳ ಬಡವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಪಹಣಿಯ ಬದಲು ಕಾರ್ಮಿಕ ಸಂಘ, ವರ್ತಕರ ಸಂಘ, ಗ್ರಾಮ ಪಂಚಾಯಿತಿಗಳ ಮಾತಿಗೆ ಬೆಲೆ ಸಿಗಬೇಕು. ಸಮಾಜದಲ್ಲಿ ಮನುಷ್ಯನಿಗಿರುವ ಬೇರನ್ನು ನೋಡಬೇಕೆಂದು ಹುಸೇನಾರಾ ತೀರ್ಪೇ ಹೇಳಿದೆ.

3. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿಗಳು ಮತ್ತು ಪೊಲೀಸ್ ವರಿಷ್ಠರು ಇರುವ ವಿಚಾರಣಾಧೀನರ ಪರಿಶೀಲನಾ ಸಮಿತಿ ಎಷ್ಟು ಮಂದಿಯ ವಿಷಯ ನೋಡಿತು, ಎಷ್ಟು ಮಂದಿ ಹೊರಗೆ ಬಂದರು ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕು.

4. ಹಲವು ಮೊಕದ್ದಮೆಗಳಿದ್ದರೆ ಬಿಡುಗಡೆಯಿಲ್ಲ ಎಂಬ 479ನೆಯ ಕಲಮಿನ ಷರತ್ತನ್ನು ಸಂಸತ್ತು ತೆಗೆದುಹಾಕಬೇಕು.

ಸರ್ಕಾರವನ್ನು ಕೇಳಿದ ಮೇಲೆ ನಮ್ಮನ್ನು ನಾವೂ ಕೇಳಿಕೊಳ್ಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಸ್ತ್ರೀಯರು, ಪರಿಶಿಷ್ಟರು, ಬಂಧನದಲ್ಲಿರುವವರು ಪುಕ್ಕಟೆ ವಕೀಲರ ನೆರವಿಗೆ ಹಕ್ಕುದಾರರು. ಕೈಗಾರಿಕಾ ಕೆಲಸಗಾರನ ಹೆಸರೂ ಅದೇ ಪಟ್ಟಿಯಲ್ಲಿದೆ. ನಮ್ಮ ಗಿರಣಿಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ಅವನಿಗೆ ಕಾರಣ ತಿಳಿಸಬೇಕು ಎಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಆಪಾದನೆಗೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ಪೊಲೀಸರು ಆರೋಪಪಟ್ಟಿ ಹಾಕದಿದ್ದರೆ ಜಾಮೀನು ಕೇಳುವುದು ಅವನ ಹಕ್ಕು. ಕೇಳದಿದ್ದರೆ ಆ ಹಕ್ಕು ಕೈತಪ್ಪುತ್ತದೆ. ಪ್ರತಿಯೊಂದು ಕಾರ್ಮಿಕ ಸಂಘದ ಕಚೇರಿಯಲ್ಲಿ ಈ ದಿನಗಳನ್ನು ಎಣಿಸುವ ಒಬ್ಬ ಕಾರ್ಯಕರ್ತನಿರಲಿ. ಪ್ರತಿಯೊಂದು ಸಂಘದಲ್ಲಿ ಸ್ವಂತ ಮನೆಯೋ ಹೊಲವೋ ಇರುವ ಹತ್ತು ಮಂದಿಯಾದರೂ ಹೊಣೆ ನಿಲ್ಲಲು ಮುಂದೆ ಬರಲಿ. ವರ್ತಕರ ಸಂಘದವರೂ ತಮ್ಮ ಅಂಗಡಿಗಳ ಆಳುಗಳಿಗೆ, ಹಮಾಲರಿಗೆ ಇಷ್ಟು ಉಪಕಾರ ಮಾಡಿದರೆ ಅದು ದಾನವೆನಿಸುವುದಿಲ್ಲ. ದಿನವೂ ಯಾರ ಬೆನ್ನಿನ ಮೇಲೆ ಅವರ ಮೂಟೆ ಏರುತ್ತದೆಯೋ ಅವರ ಋಣ ಅಷ್ಟು ಮಟ್ಟಿಗೆ ತೀರಿದಂತಾಗುತ್ತದೆ.

ಕಾನೂನು ಬದಲಾಗಲು ಚಳವಳಿ ಬೇಕು, ಕಾಲ ಬೇಕು. ಆದರೆ ಜಾಮೀನು ಮಂಜೂರಾಗಿಯೂ ಜೈಲಿನಲ್ಲಿ ಉಳಿದಿರುವವರನ್ನು ಹೊರಗೆ ತರಲು ಈಗಿರುವ ಕಾನೂನೇ ಸಾಕು. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಈ ತಿಂಗಳ ಸಭೆಯಲ್ಲಿ ಇದನ್ನು ಮೊದಲ ವಿಷಯವಾಗಿ ತೆಗೆದುಕೊಂಡು, ತಮ್ಮ ಪೈಕಿ ಯಾರು ಯಾರು ಒಳಗಿದ್ದಾರೆ ಎಂಬ ಪಟ್ಟಿಯೊಂದಿಗೆ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಬೇಕೆಂದು ನಾವು ಕೇಳಿಕೊಳ್ಳುತ್ತೇವೆ.