ಚಿನ್ನ ಮುಗಿದರೆ ಗಣಿ ಮುಗಿಯಿತೇ?

ನ್ಯೂಟ್ರಿನೋ ಕಣ ಹಿಡಿಯಲು ನೆಲದಾಳದಲ್ಲಿ ಯಂತ್ರವಿಡುತ್ತಾರೆಂದರೆ ನಮ್ಮ ವೈ.ಎನ್.ಹೊಸಕೋಟೆಯಲ್ಲಿ ಜನ ನಗುತ್ತಾರೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಸೀಮೆ ನಮ್ಮದು. ಕಣ್ಣಿಗೆ ಕಾಣದ ಕಣಕ್ಕಾಗಿ ಈ ದುಂದೇಕೆ ಎಂದು ಅವರು ಕೇಳುವುದು ನ್ಯಾಯವೇ. ಆದರೆ ದುಂದು ಮಾಡಿದವರು ವಿಜ್ಞಾನಿಗಳಲ್ಲವೆಂದು ನನ್ನ ವಾದ.

ಕೋಲಾರದಲ್ಲಿ ಅವರು ಹೊಸ ಗುಂಡಿ ತೋಡಲಿಲ್ಲ. ಚಿನ್ನಕ್ಕಾಗಿ ತೋಡಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಸಾಕಾ, ಡರ್ಹಾಮ್ ವಿದ್ವಾಂಸರೊಡನೆ ಯಂತ್ರವಿಟ್ಟರು. ಮೇಲಿನ ಬಂಡೆ ಉಳಿದ ವಿಶ್ವಕಿರಣಗಳನ್ನು ತಡೆಯಿತು. ನ್ಯೂಟ್ರಿನೋ ಬಂಡೆಯನ್ನೂ ತೂರಿ ಬಂತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು 1965ರಲ್ಲಿ ಅಲ್ಲಿ ದೊರೆಯಿತು.

ಪ್ರಯೋಗ ಮೊದಲೇ ನಿಂತಿತ್ತು. 2001ರಲ್ಲಿ ಗಣಿಯೂ ಮುಚ್ಚಿತು, ಆಳವೆಲ್ಲ ನೀರುಪಾಲಾಯಿತು. ಅದೇ ವರ್ಷ ಜಪಾನಿನ ಕಾಮಿಯೋಕಾ ಗಣಿಯಲ್ಲೂ ಅದಿರು ತೆಗೆಯುವುದು ನಿಂತಿತು. ಆದರೆ ಅಲ್ಲಿಯ ನ್ಯೂಟ್ರಿನೋ ಪ್ರಯೋಗಶಾಲೆಯನ್ನು ಉಳಿಸಿಕೊಂಡರು. ನ್ಯೂಟ್ರಿನೋಗೆ ದ್ರವ್ಯರಾಶಿಯುಂಟೆಂದು 1998ರಲ್ಲಿ ಅಲ್ಲಿ ತಿಳಿದದ್ದಕ್ಕೆ ತಕಾಕಿ ಕಜಿತಾ 2015ರಲ್ಲಿ ನೊಬೆಲ್ ಹಂಚಿಕೊಂಡರು. ಅದೇ 2015ರಲ್ಲಿ ನಮ್ಮ ಕೇಂದ್ರ ಸರ್ಕಾರ ತಮಿಳುನಾಡಿನ ತೇನಿಯ ಬೆಟ್ಟ ಕೊರೆಯಲು ಒಪ್ಪಿತು. ನೀರಿಗೂ ಕಾಡಿಗೂ ಹೆದರಿದ ಜನ ತಿರುಗಿಬಿದ್ದರು.

ಕೋಲಾರದಲ್ಲಿ ಬಂಡೆ ಸಿಡಿಯುವ ಅಪಾಯವಿರಲಿಲ್ಲವೇ, ನೀರೆತ್ತುವ ಖರ್ಚಿರಲಿಲ್ಲವೇ ಎನ್ನುವಿರಿ. ಇತ್ತು. ದೊಡ್ಡ ಯಂತ್ರಕ್ಕೆ ಆ ಗಣಿ ಒಗ್ಗದಿರಲೂಬಹುದು. ಆದರೂ ಚಿಕ್ಕ ಪ್ರಯೋಗಗಳಿಗೆ ಮೇಲಿನ ಒಂದು ಸುರಂಗವನ್ನಾದರೂ ಕಾಯಬಹುದಿತ್ತು. ಲೆಕ್ಕದಲ್ಲಿ ಚಿನ್ನದ ತೂಕ ಬರೆದರು, ಆಳದ ಬೆಲೆ ಬರೆಯಲಿಲ್ಲ. ಇನ್ನು ಯಾವ ಗಣಿಗೆ ಬೀಗ ಹಾಕುವ ಮುನ್ನವೂ ವಿಜ್ಞಾನಿಗಳನ್ನು ಕೇಳಲೇಬೇಕು. ಇದ್ದ ಬಾವಿ ಹಾಳುಗೆಡವಿ ಹೊಸ ಬಾವಿಗೆ ಸಾಲ ಮಾಡುವವನನ್ನು ನಮ್ಮೂರಿನಲ್ಲಿ ಜಾಣನೆನ್ನುವುದಿಲ್ಲ.