ಬಣ್ಣದ ಹಿಂದಿನ ಗೆದ್ದಲು

ಹಳೆಯ ಮನೆಗೆ ಸುಣ್ಣಬಣ್ಣ ಮಾಡಿಸಿ, ಹೊಸ ಟೈಲ್ಸ್ ಹಾಕಿಸಿ ಮಾರಾಟಕ್ಕಿಟ್ಟಾಗ ಬಂದವರು ಗೋಡೆ ನೋಡುತ್ತಾರೆ, ಅಡುಗೆಮನೆ ನೋಡುತ್ತಾರೆ. ಬಾಗಿಲಿನ ಚೌಕಟ್ಟನ್ನು ತಟ್ಟಿ ನೋಡುವವರು ವಿರಳ. ಗೆದ್ದಲು ಅಡಗುವುದು ಅಲ್ಲೇ.

ಗೆದ್ದಲನ್ನು 'ಬಿಳಿ ಇರುವೆ' ಎನ್ನುವುದುಂಟು. ಆದರೆ ಅದು ಇರುವೆಯ ಬಳಗವಲ್ಲ, ಜಿರಲೆಯ ಹತ್ತಿರದ ಸಂಬಂಧಿ. ಮೈ ಮೆತ್ತಗೆ, ಚರ್ಮ ತೆಳು. ಒಣಗಾಳಿ ತಗುಲಿದರೆ ಬೇಗ ಒಣಗಿ ಸಾಯುತ್ತದೆ. ಆದ್ದರಿಂದಲೇ ಮರವನ್ನು ಒಳಗಿನಿಂದ ತಿಂದು ಹೊರಗಿನ ತೆಳು ಪದರವನ್ನು ಹಾಗೆಯೇ ಉಳಿಸುತ್ತದೆ. ಆ ಪದರದ ಮೇಲೆ ಬಣ್ಣವೂ ಬಿದ್ದರೆ ಕೇಳಬೇಕೆ! ಬಯಲಿನಲ್ಲಿ ಸಾಗಬೇಕಾದಾಗ ಮಣ್ಣಿಗೆ ಜೊಲ್ಲು ಕಲಸಿ ಕೊಳವೆ ಕಟ್ಟಿ, ಅದರೊಳಗೇ ನಡೆಯುತ್ತದೆ.

ಸ್ಕ್ರೂಡ್ರೈವರಿನ ಹಿಡಿಯಿಂದ ಚೌಕಟ್ಟನ್ನು ಬುಡದಿಂದ ಮೇಲಕ್ಕೆ ತಟ್ಟುತ್ತ ಹೋಗಿ. ಟೊಳ್ಳಾದ ಕಡೆ ಸದ್ದು ಬದಲಾಗುತ್ತದೆ. ಮಣ್ಣಿನ ಕೊಳವೆ ಕಂಡರೆ ಒಂದಂಗುಲ ಕೆರೆದುಬಿಡಿ. ಕೆಲವು ದಿನಗಳಲ್ಲಿ ಮತ್ತೆ ಕಟ್ಟಿಕೊಂಡಿದ್ದರೆ ಒಳಗೆ ಗೆದ್ದಲಿದೆ. ಕಟ್ಟಿಕೊಳ್ಳದಿದ್ದರೆ ಇಲ್ಲವೆಂದು ಹೇಳುವಂತಿಲ್ಲ, ಬೇರೆ ದಾರಿ ಹಿಡಿದಿರಬಹುದು. ಮಕ್ಕಳೂ ಮಾಡಬಹುದಾದ ಪರೀಕ್ಷೆ ಇದು. ಪರರ ಮನೆಯಾದರೆ ಮೊದಲು ಕೇಳಿಕೊಳ್ಳಬೇಕು, ಅಷ್ಟೆ.

ಚೌಕಟ್ಟು ಬದಲಿಸಿದರೆ ಕೆಲಸ ಮುಗಿಯಲಿಲ್ಲ. ನೆಲದ ಗೆದ್ದಲಿನ ರಾಣಿ ಇರುವುದು ಮಣ್ಣಿನಲ್ಲಿ. ಗೋಡೆ, ನೆಲ ಸೇರುವೆಡೆ ತೂತು ಕೊರೆಸಿ ಮಣ್ಣಿಗೆ ಔಷಧಿ ಇಳಿಸದಿದ್ದರೆ ಹೊಸ ಮರವೂ ಅದರ ಪಾಲಾದೀತು. ಭಾರತೀಯ ಮಾನಕ ಐ.ಎಸ್. 6313ರ 3ನೇ ಭಾಗ ಕಟ್ಟಿ ಮುಗಿದ ಕಟ್ಟಡಗಳ ಈ ಉಪಚಾರವನ್ನೇ ಕುರಿತದ್ದು.

ಇನ್ನು ಮಾರುವವರ ಮಾತು. ದುರಸ್ತಿಯ ವೇಳೆ ಬಡಗಿ ಹಲಗೆ ಬಿಚ್ಚಿ ಟೊಳ್ಳು ತೋರಿಸಿದ್ದಾನೆ. ಮನೆಯವರು ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದ್ದಾರೆ. 'ಕೊಳ್ಳುವವರು ನೋಡಿಕೊಳ್ಳಲಿ' ಎಂಬ ವಾದ ಇಲ್ಲಿ ನಿಲ್ಲುವುದು ಕಷ್ಟ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದಲ್ಲಿ, ತನಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ತಿಳಿಸದಿದ್ದರೆ ಅದು ವಂಚನೆಯೆಂದೇ ಎಣಿಕೆ. ತಟ್ಟಿದರೆ ತಿಳಿಯುತ್ತಿತ್ತೇ ಇಲ್ಲವೇ ಎಂಬುದು ವಕೀಲರ ಚರ್ಚೆ. ಪುಟ್ಟಿ ತುಂಬಿಸಿದವರಿಗಂತೂ ಗೊತ್ತಿತ್ತಲ್ಲ!

ಹಲಗೆ ಬಿಚ್ಚಿದಾಗ ತೆಗೆದ ಫೋಟೋ, ಬಡಗಿಯ ಬಿಲ್ಲು, ಔಷಧಿ ಹಾಕಿದವರ ರಸೀದಿ ಇವನ್ನೆಲ್ಲ ಮುಂಗಡ ಪಡೆಯುವ ಮೊದಲೇ ಕೊಳ್ಳುವವರಿಗೆ ತೋರಿಸಿ, ಕ್ರಯದ ಕರಾರಿನಲ್ಲಿ ಒಂದು ಸಾಲು ಬರೆಸುವುದು ಒಳ್ಳೆಯದು. ಬೆಲೆ ಸ್ವಲ್ಪ ಇಳಿದೀತು. ತೊಲೆಯೇ ಟೊಳ್ಳಾದ ಹೆಂಚಿನ ಮನೆಯಾದರೆ ಮಾತು ಬೆಲೆಯದಲ್ಲ, ತಲೆಯ ಮೇಲಿನ ಭಾರದ್ದು. ಅಂಥ ತೊಲೆಯನ್ನು ಬದಲಿಸಿದ ಮೇಲೆಯೇ ಮನೆ ತೋರಿಸಬೇಕು.